ಕಡಲ ಮೀನಿನ ರಕ್ತದ ಪರಾವಲಂಬಿಗಳು: ನನ್ನನ್ನು ಕಾಡಿದ ಕಶಾಂಗ

ಮೊದಲೇ ಒಂದು ಮಾತು. ಮೀನಿನ ಕೆಂಪು ರಕ್ತಕಣಕ್ಕೆ ನಮ್ಮದರ ಹಾಗಲ್ಲ, ಕೋಶಕೇಂದ್ರ ಇರುತ್ತದೆ. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಪ್ರತಿ ಕಣದ ನಡುವೆ ಕಾಣುವ ನೇರಳೆ ಉಂಡೆ ಅದೇ, ಪರಾವಲಂಬಿ ಅಲ್ಲ.

ರಕ್ತಕಣಗಳ ಹೊರಗೆ ಈಜಾಡುವ ಎರಡು ಏಕಕೋಶ ಪರಾವಲಂಬಿಗಳನ್ನು ಬೇರೆ ಮಾಡುವುದೇ ನನಗೆ ಕಷ್ಟವಾದದ್ದು: ಟ್ರಿಪನೊಸೋಮಾ ಮತ್ತು ಟ್ರಿಪನೊಪ್ಲಾಸ್ಮಾ. ಎರಡೂ ಉದ್ದ, ಎರಡಕ್ಕೂ ಅಲೆಯಾಡುವ ಪೊರೆ, ಎರಡನ್ನೂ ಹೊತ್ತು ತರುವುದು ಜಿಗಣೆ. ಟ್ರಿಪನೊಸೋಮಾಕ್ಕೆ ಒಂದು ಕಶಾಂಗ (ಈಜಲು ಬಳಸುವ ಚಾಟಿಯಂಥ ಎಳೆ), ಇನ್ನೊಂದಕ್ಕೆ ಎರಡು ಅಂತ ಬಾಯಿಪಾಠ ಮಾಡಿದ್ದೆ. ಆದರೂ ಚಿತ್ರ ಬರೆದಾಗಲೆಲ್ಲ ತಪ್ಪು. ಕಾರಣ, ಕಶಾಂಗ ಅಂದರೆ ವೀರ್ಯಾಣುವಿನ ಬಾಲದಂತೆ ಹಿಂದಿನಿಂದ ತಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲಿ ಅದು ಉಲ್ಟಾ.

ಒಂದು ಪೆನ್ಸಿಲ್ ತಗೊಳ್ಳಿ. ಚೂಪಾದ ತುದಿ ಮುಂದೆ ಇರಲಿ. ಹಿಂದಿನ ತುದಿಯ ಹತ್ತಿರ ದಾರ ಕಟ್ಟಿ, ಪೆನ್ಸಿಲ್ಲಿನ ಮೈಗುಂಟ ಮುಂದಕ್ಕೆ ತನ್ನಿ. ಚೂಪು ತುದಿ ದಾಟಿ ಸ್ವಲ್ಪ ದಾರ ಹೊರಗೆ ಉಳಿಯಲಿ. ಇದು ಟ್ರಿಪನೊಸೋಮಾ. ಗಂಟು ಇರುವ ಜಾಗದಲ್ಲೇ ಕೈನೆಟೊಪ್ಲಾಸ್ಟ್ ಎಂಬ ಪುಟ್ಟ ಚುಕ್ಕೆ. ಅಂದರೆ ಚುಕ್ಕೆ ಹಿಂದೆ, ಬಿಡಿ ಕಶಾಂಗ ಮುಂದೆ. ಚುಕ್ಕೆ ತೀರಾ ತುದಿಯಲ್ಲೇ ಇರಬೇಕು ಅಂತೇನಿಲ್ಲ, ಸ್ವಲ್ಪ ಒಳಗೂ ಇರಬಹುದು.

ಈಗ ದಾರ ಬಿಚ್ಚಿ, ಚೂಪು ತುದಿಯ ಹತ್ತಿರವೇ ಎರಡು ದಾರ ಕಟ್ಟಿ. ಒಂದು ಹಾಗೇ ಮುಂದಕ್ಕೆ ಜೋಲಾಡಲಿ. ಇನ್ನೊಂದು ಹಿಂದಕ್ಕೆ ಮಡಚಿ, ಮೈಗುಂಟ ಹೋಗಿ, ಹಿಂದಿನ ತುದಿ ದಾಟಲಿ. ಇದು ಟ್ರಿಪನೊಪ್ಲಾಸ್ಮಾ. ಇದರ ಕೈನೆಟೊಪ್ಲಾಸ್ಟ್ ಚುಕ್ಕೆಯಲ್ಲ, ಉದ್ದನೆಯ ಪಟ್ಟಿ, ಅದೂ ಮುಂಭಾಗದಲ್ಲಿ.

ಸ್ಲೈಡಿನಲ್ಲಿ ಯಾವುದು ಮುಂದೆ ಅಂತ ಗೊತ್ತಾಗದಿದ್ದರೂ ಪರವಾಗಿಲ್ಲ. ಬಿಡಿ ದಾರ ಒಂದೇ ತುದಿಯಲ್ಲಿದೆಯಾ, ಎರಡೂ ತುದಿಯಲ್ಲಿದೆಯಾ ನೋಡಿ. ನನಗೆ ಇದೊಂದೇ ಸಾಕಾಯಿತು.

ಉದಾಹರಣೆಗೆ, ಅಟ್ಲಾಂಟಿಕ್ ಕಾಡ್ ಮೀನಿನಲ್ಲಿ ಟ್ರಿಪನೊಸೋಮಾ ಮರ್ಮನೆನ್ಸಿಸ್, ಅದರ ಜಿಗಣೆ ಜೊಹಾನ್ಸೋನಿಯಾ ಆರ್ಕ್ಟಿಕಾ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಫ್ಲೌಂಡರ್ ಮೀನಿನಲ್ಲಿ ಟ್ರಿಪನೊಪ್ಲಾಸ್ಮಾ ಬುಲ್ಲೊಕಿ, ಅದರ ಜಿಗಣೆ ಕ್ಯಾಲಿಯೊಬ್ಡೆಲ್ಲಾ ವಿವಿಡಾ.

ಕೆಂಪು ಕಣದ ಒಳಗೆ ಸೇರುವವು ಹೀಮೊಗ್ರೆಗರೈನ್‌ಗಳು ಎಂಬ ಬೇರೆ ಏಕಕೋಶ ಪರಾವಲಂಬಿಗಳು. ಹೀಮೊಗ್ರೆಗರೈನಾ ಬೈಜೆಮಿನಾವನ್ನು ಲವೆರಾನ್ ಮತ್ತು ಮೆಸ್ನಿಲ್ 1901ರಲ್ಲಿ ವಿವರಿಸಿದರು. ಬೈಜೆಮಿನಾ ಅಂದರೆ ಅವಳಿ. ಒಂದೇ ಕಣದಲ್ಲಿ ಎರಡು ಜೊತೆಯಾಗಿ ಮಲಗಿರುವುದನ್ನು ನೋಡಿದರೆ ಹೆಸರು ಎಷ್ಟು ಸರಿ ಅನ್ನಿಸುತ್ತದೆ. ಇದರ ವಾಹಕ ಜಿಗಣೆ ಅಲ್ಲ, ಗ್ನೇಥಿಡ್ ಎಂಬ ಪುಟ್ಟ ಐಸೋಪಾಡ್ (ಸಿಗಡಿ, ಏಡಿಗಳ ದೂರದ ನೆಂಟ). ಅದರಲ್ಲೂ ರಕ್ತ ಹೀರುವುದು ಮರಿಗಳು ಮಾತ್ರ, ದೊಡ್ಡವು ಏನೂ ತಿನ್ನುವುದಿಲ್ಲ.

ಒಂದು ಎಚ್ಚರ: ಕಣದೊಳಗೆ ಕಾಣುವುದೆಲ್ಲ ಪರಾವಲಂಬಿ ಅಲ್ಲ. ಪಿರ್ಹೀಮೊಸೈಟಾನ್ ಅಂತ ಹೆಸರಿಟ್ಟು ಪರಾವಲಂಬಿ ಎಂದೇ ನಂಬಿದ್ದದ್ದು ಕೊನೆಗೆ ವೈರಸ್ಸಿನ ಕೆಲಸ ಅಂತ ತಿಳಿಯಿತು.

ಇನ್ನು ರಕ್ತದ ಚಪ್ಪಟೆ ಹುಳಗಳು. ಸದರ್ನ್ ಬ್ಲೂಫಿನ್ ಟ್ಯೂನಾದ ಹೃದಯದಲ್ಲಿ ಕಾರ್ಡಿಕೋಲಾ ಫಾರ್‌ಸ್ಟೆರಿ ಬದುಕುತ್ತದೆ. ಮೊಟ್ಟೆಗಳು ರಕ್ತದ ಜೊತೆ ಹರಿದು ಕಿವಿರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲೇ ಮರಿ ಹೊರಬಂದು, ಕಿವಿರಿನ ಪೊರೆ ಸೀಳಿ ನೀರಿಗೆ ಇಳಿಯುತ್ತದೆ. ಚಪ್ಪಟೆ ಹುಳ ಅಂದಕೂಡಲೇ ನಡುವಿನ ಆತಿಥೇಯ (ಮರಿ ಬೆಳೆಯುವ ಇನ್ನೊಂದು ಪ್ರಾಣಿ) ಬಸವನಹುಳು ಅಂತ ಬರೆದುಬಿಡುತ್ತೇವೆ, ಅಲ್ವಾ? ಇಲ್ಲಿ ಹಾಗಲ್ಲ. ಆ ಮರಿ ಬೆಳೆಯುವುದು ಲಾಂಗಿಕಾರ್ಪಸ್ ಮಾಡೆಸ್ಟಸ್ ಎಂಬ, ಕಡಲ ತಳದಲ್ಲಿರುವ ಒಂದು ಪಾಲಿಕೀಟ್ ಹುಳದ (ಎರೆಹುಳದ ನೆಂಟನಾದ ಬಿರುಗೂದಲಿನ ಹುಳ) ಮೈಯಲ್ಲಿ.