ಬಿ.ಎಡ್. ಇದ್ದರೆ ಯಾವ ತರಗತಿಗಾದರೂ ಪಾಠ ಮಾಡಬಹುದೇ?

ಪ್ರಶ್ನೆ: ನಾನು ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಶಿಕ್ಷಕಿಯಾಗುವ ಆಸೆ. ಬಿ.ಎಡ್. ಒಂದನ್ನು ಮುಗಿಸಿಬಿಟ್ಟರೆ ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ ಬೇಕಾದರೂ ಪಾಠ ಮಾಡಬಹುದಲ್ಲವೇ? ಎರಡು ವರ್ಷ ಅಲ್ಲಿ ಓದಿಸುವುದಾದರೂ ಏನು?

ಉತ್ತರ: ಮಾಡಲಾಗದು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡಲು ಬಿ.ಎಡ್. ಅರ್ಹತೆಯಲ್ಲ. ಈ ಮಾತು ಕೇಳಿ ಬೆಚ್ಚಿಬೀಳುವವರು ಇಂದಿಗೂ ಬಹಳ ಜನ. ದೊಡ್ಡ ತರಗತಿಗೆ ಕಲಿಸಬಲ್ಲವರಿಗೆ ಚಿಕ್ಕ ತರಗತಿ ಯಾವ ಲೆಕ್ಕ ಎಂಬುದು ಅವರ ವಾದ. ಐದೂವರೆ ವರ್ಷದ ಮಗುವಿಗೆ ‘ಅ’ ಅಕ್ಷರ ತಿದ್ದಿಸಿ ನೋಡಿದವರು ಹಾಗೆ ಹೇಳುವುದಿಲ್ಲ.

ಈ ಗೊಂದಲಕ್ಕೆ ಕಾರಣವೂ ಇದೆ. ಶಿಕ್ಷಕರ ಅರ್ಹತೆಯನ್ನು ನಿಗದಿಪಡಿಸುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ 2010ರ ಆಗಸ್ಟ್‌ನಲ್ಲಿ ಅದು ಒಂದರಿಂದ ಎಂಟನೇ ತರಗತಿಯವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಪ್ರಕಟಿಸಿತು. 2018ರಲ್ಲಿ, ಬಿ.ಎಡ್. ಆದವರೂ ಒಂದರಿಂದ ಐದಕ್ಕೆ ಅರ್ಹರು, ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಸೇತುಬಂಧ ತರಬೇತಿ (ಬ್ರಿಡ್ಜ್ ಕೋರ್ಸ್) ಪಡೆದರೆ ಸಾಕು ಎಂದು ಅದೇ ಪರಿಷತ್ತು ಬಾಗಿಲು ತೆರೆಯಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ಮಕ್ಕಳಿಗೆ ಇರುವುದು ಬರೀ ಶಿಕ್ಷಣದ ಹಕ್ಕಲ್ಲ, ಗುಣಮಟ್ಟದ ಶಿಕ್ಷಣದ ಹಕ್ಕು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯನ್ನೇ ಪಡೆಯದವರನ್ನು ಅವರ ಮುಂದೆ ನಿಲ್ಲಿಸಲಾಗದು ಎಂಬುದು ತೀರ್ಪಿನ ತಿರುಳು. ನಡುವಿನ ಐದು ವರ್ಷ ಕೇಳಿಬಂದ ಸುದ್ದಿಯನ್ನೇ ನಿಮ್ಮ ಪರಿಚಯದವರು ಈಗಲೂ ಹೇಳುತ್ತಿರಬಹುದು.

ಆದ್ದರಿಂದ ‘ಯಾವ ಕೋರ್ಸ್ ಒಳ್ಳೆಯದು’ ಎಂದು ಕೇಳುವ ಮೊದಲು ‘ಯಾವ ತರಗತಿಯ ಮುಂದೆ ನಿಲ್ಲಲು ನನಗೆ ಮನಸ್ಸಿದೆ’ ಎಂದು ಕೇಳಿಕೊಳ್ಳಿ. ಒಂದರಿಂದ ಐದಕ್ಕೆ ಬೇಕಾದದ್ದು ಪಿಯುಸಿ ನಂತರದ ಎರಡು ವರ್ಷದ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ. ನಮ್ಮಲ್ಲಿ ಜನ ಇನ್ನೂ ಡಿ.ಎಡ್. ಎನ್ನುತ್ತಾರೆ, ಹಿರಿಯರ ಬಾಯಲ್ಲಿ ಅದು ಟಿಸಿಎಚ್. ಆರರಿಂದ ಎಂಟಕ್ಕೆ ಪದವಿಯ ಜೊತೆಗೆ ಬಿ.ಎಡ್. ಇದ್ದರೂ ಆಗುತ್ತದೆ, ಡಿ.ಎಲ್.ಎಡ್. ಇದ್ದರೂ ಆಗುತ್ತದೆ. ಒಂಬತ್ತು ಮತ್ತು ಹತ್ತಕ್ಕೆ ಪದವಿ ಮತ್ತು ಬಿ.ಎಡ್. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ, ಜೊತೆಗೆ ಬಿ.ಎಡ್. ಗಮನಿಸಿದಿರಾ? ಪದವಿಯ ಮೇಲೆ ಡಿ.ಎಲ್.ಎಡ್. ಮಾಡಿದವರಿಗೆ ಒಂದರಿಂದ ಎಂಟರವರೆಗೆ ದಾರಿಯಿದೆ. ಅದನ್ನು ‘ಸಣ್ಣ ಕೋರ್ಸ್’ ಎಂದು ಮೂಗು ಮುರಿಯುವ ಪದವೀಧರರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿ ನೋಡಬೇಕು.

ಬಿ.ಎಡ್. ಎಂದೇ ನಿರ್ಧರಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಪದವಿಯಲ್ಲಿ ಶೇ 50 ಅಂಕ ಬೇಕು. ಎಂಜಿನಿಯರಿಂಗ್ ಪದವೀಧರರಿಗೆ ಶೇ 55. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇಕಡಾ ಐದರ ರಿಯಾಯಿತಿ ಇದೆ. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಪದವಿಯ ಅಂಕಗಳ ಆಧಾರದ ಮೇಲೆ ಹಂಚುತ್ತದೆ.

ಅಂಕಕ್ಕಿಂತ ಹೆಚ್ಚು ತಲೆನೋವು ತರುವುದು ಪದವಿಯಲ್ಲಿ ಓದಿದ ವಿಷಯಗಳ ಜೋಡಿ. ಶಾಲೆಯಲ್ಲಿ ನೀವು ಯಾವ ವಿಷಯದ ಶಿಕ್ಷಕಿ ಎಂಬುದನ್ನು ಬಿ.ಎಡ್. ತೀರ್ಮಾನಿಸುವುದಿಲ್ಲ, ಪದವಿ ತೀರ್ಮಾನಿಸುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನ ವಿಜ್ಞಾನ, ಗಣಿತ) ಶಿಕ್ಷಕರ ಹುದ್ದೆ ಬೇರೆ, ಸಿಬಿಝಡ್ (ರಸಾಯನ ವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರ ಹುದ್ದೆ ಬೇರೆ. ಭೌತವಿಜ್ಞಾನ, ಗಣಿತದ ಜೊತೆ ರಸಾಯನ ವಿಜ್ಞಾನದ ಬದಲು ಕಂಪ್ಯೂಟರ್ ವಿಜ್ಞಾನ ಓದಿದವರು ಹಿಂದಿನ ನೇಮಕಾತಿ ಅಧಿಸೂಚನೆಯ ಅರ್ಹತಾ ಪಟ್ಟಿಯನ್ನು ಬಿ.ಎಡ್. ಶುಲ್ಕ ಕಟ್ಟುವ ಮೊದಲೇ ತೆರೆದು ನೋಡುವುದು ಒಳ್ಳೆಯದು. ಬಿ.ಕಾಂ. ಓದಿದವರ ಕಷ್ಟ ಇನ್ನೂ ದೊಡ್ಡದು. ಅವರಿಗೆ ಬಿ.ಎಡ್. ಪ್ರವೇಶ ಸಿಗುತ್ತದೆ, ಆದರೆ ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಯಲ್ಲಿ ವಾಣಿಜ್ಯ ಎಂಬ ಪ್ರತ್ಯೇಕ ವಿಷಯವೇ ಇಲ್ಲ. ಎಂ.ಕಾಂ. ಮಾಡಿ ಪಿಯು ಕಾಲೇಜಿನ ಕಡೆ ಮುಖ ಮಾಡುವುದೇ ಅವರಿಗಿರುವ ಸರಿಯಾದ ದಾರಿ. ಪ್ರವೇಶದ ಸಮಯದಲ್ಲಿ ಯಾವ ಕಾಲೇಜೂ ಇದನ್ನು ತಾನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ‘ಓದಿಸುವುದಾದರೂ ಏನು’ ಎಂಬ ಪ್ರಶ್ನೆ. ನಾನು ಬಿ.ಎಡ್. ಮಾಡಿದ ಕಾಲಕ್ಕೆ ಅದು ಒಂದೇ ವರ್ಷದ್ದು. ಜರ್ಮನ್ ಚಿಂತಕ ಹರ್ಬಾರ್ಟನ ಹೆಸರಿನ ಪಂಚಸೋಪಾನಗಳಲ್ಲಿ, ಅಂದರೆ ಪಾಠದ ಐದು ಹಂತಗಳಲ್ಲಿ, ಪಾಠಯೋಜನೆ ಬರೆದು, ಡ್ರಾಯಿಂಗ್ ಹಾಳೆಯ ಮೇಲೆ ಹೂವಿನ ಭಾಗಗಳಿಗೆ ಬಣ್ಣ ತುಂಬಿ, ನಾಲ್ಕು ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕಿಸುವಷ್ಟರಲ್ಲಿ ವರ್ಷ ಮುಗಿದಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯ ನಂತರ ಎನ್‌ಸಿಟಿಇ 2014ರಲ್ಲಿ ಹೊಸ ನಿಯಮ ತಂದಿತು. 2015–16ರಿಂದ ಬಿ.ಎಡ್. ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ಕೋರ್ಸ್ ಆಯಿತು. ಸೇರಿದ ದಿನದಿಂದ ಗರಿಷ್ಠ ಮೂರು ವರ್ಷದೊಳಗೆ ಮುಗಿಸಬೇಕು.

ಬಾಲ್ಯ ಮತ್ತು ಬೆಳವಣಿಗೆ, ಕಲಿಕೆ ಮತ್ತು ಬೋಧನೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಲಿಂಗತ್ವ ಮತ್ತು ಶಾಲೆ, ಸಮನ್ವಯ ಶಿಕ್ಷಣ (ವಿಶೇಷ ಅಗತ್ಯವುಳ್ಳ ಮಕ್ಕಳನ್ನೂ ಎಲ್ಲರ ಜೊತೆ ಕೂರಿಸಿ ಕಲಿಸುವುದು) ಮುಂತಾದ ಪತ್ರಿಕೆಗಳು ಇರುತ್ತವೆ. ಮಕ್ಕಳು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್ಸ್ಕಿ ಬರುತ್ತಾರೆ. ಕೈಕಸುಬಿನ ಮೂಲಕ ಕಲಿಸುವ ಗಾಂಧಿಯವರ ನಯೀ ತಾಲೀಮ್, ದೇಶದ ಶಿಕ್ಷಣವನ್ನು ಪರಿಶೀಲಿಸಿದ 1964–66ರ ಕೊಠಾರಿ ಆಯೋಗವೂ ಬರುತ್ತವೆ. ಇವನ್ನೆಲ್ಲ ನೋಟ್ಸ್ ಉರು ಹೊಡೆದು ಪಾಸಾಗಬಹುದು, ಹಾಗೆ ಆಗುವವರೇ ಹೆಚ್ಚು.

ಆದರೆ ಒಂದು ಪತ್ರಿಕೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಎಲ್ಲ ವಿಷಯಗಳ ಕಲಿಕೆಯಲ್ಲಿ ಭಾಷೆಯ ಪಾತ್ರವನ್ನು ಕುರಿತದ್ದು ಅದು. ವಿಜ್ಞಾನದವರು ‘ಭಾಷೆ ನಮ್ಮ ಕೆಲಸವಲ್ಲ’ ಎಂದು ಬದಿಗಿಡುತ್ತಾರೆ. ಏಳನೇ ತರಗತಿಯಲ್ಲಿ ನಿಂತು ‘ದ್ಯುತಿಸಂಶ್ಲೇಷಣೆ’ ಎಂದು ಬೋರ್ಡಿನ ಮೇಲೆ ಬರೆದ ಕ್ಷಣ ಮಕ್ಕಳ ಮುಖ ನೋಡಿ. ಮನೆಯಲ್ಲಿ ಲಂಬಾಣಿ ಮಾತನಾಡುವ ಮಗುವಿಗೂ, ಉರ್ದು ಮಾತನಾಡುವ ಮಗುವಿಗೂ ಆ ಪದ ಎಷ್ಟು ದೂರವೋ, ಹೊಲಮನೆಯ ಕನ್ನಡವನ್ನೇ ಆಡುತ್ತ ಬೆಳೆದ ಮಗುವಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ನೆರಳಿಗೆ ಬಿದ್ದ ಪೈರು ಬಿಳಿಚಿಕೊಳ್ಳುವುದನ್ನು ಆ ಮಕ್ಕಳು ಕಂಡೇ ಇರುತ್ತಾರೆ. ಪರಿಕಲ್ಪನೆ ಅವರಲ್ಲಿ ಅರ್ಧ ಇದೆ, ಪದ ಮಾತ್ರ ಹೊಸದು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ನಂತರ ಎಂಬುದೇ ಆ ಪತ್ರಿಕೆಯ ಒಟ್ಟು ವಿಚಾರ.

ಇದರ ಜೊತೆಗೆ ಎರಡು ಬೋಧನಾ ವಿಷಯಗಳು ಇರುತ್ತವೆ. ಕಾಲೇಜಿನಲ್ಲಿ ಎಲ್ಲರೂ ‘ಮೆಥಡ್’ ಎಂದೇ ಕರೆಯುತ್ತಾರೆ. ಪಿಸಿಎಂನವರಿಗೆ ಸಾಮಾನ್ಯವಾಗಿ ಗಣಿತ ಮತ್ತು ಭೌತವಿಜ್ಞಾನ. ಮೊದಲು ಸೂಕ್ಷ್ಮ ಬೋಧನೆ: ಸಹಪಾಠಿಗಳನ್ನೇ ವಿದ್ಯಾರ್ಥಿಗಳನ್ನಾಗಿ ಕೂರಿಸಿ, ಐದಾರು ನಿಮಿಷದಲ್ಲಿ ಒಂದೇ ಕೌಶಲವನ್ನು, ಉದಾಹರಣೆಗೆ ಪ್ರಶ್ನೆ ಕೇಳುವುದನ್ನು, ಅಭ್ಯಾಸ ಮಾಡುವುದು. ನಗು ಬರುತ್ತದೆ. ಆದರೂ ತಾನು ಪ್ರಶ್ನೆ ಕೇಳಿ ತಾನೇ ಉತ್ತರ ಹೇಳುವ ಚಾಳಿ ಅಲ್ಲಿಯೇ ಬಯಲಾಗುತ್ತದೆ. ಬಳಿಕ ಪಾಠಯೋಜನೆ, ಘಟಕ ಯೋಜನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ (ತನ್ನ ತರಗತಿಯ ಸಮಸ್ಯೆಯೊಂದಕ್ಕೆ ಶಿಕ್ಷಕರೇ ಪರಿಹಾರ ಹುಡುಕಿ ಪ್ರಯೋಗಿಸಿ ನೋಡುವುದು).

ನಿಜವಾದ ಬಿ.ಎಡ್. ಇರುವುದು ಶಾಲೆಯಲ್ಲಿ. ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು: ಮೊದಲ ವರ್ಷ ನಾಲ್ಕು, ಎರಡನೇ ವರ್ಷ 16. ಪಾಠದ ಜೊತೆಗೆ ಪ್ರಾರ್ಥನೆ, ಹಾಜರಿ ಪುಸ್ತಕ, ಪೋಷಕರ ಸಭೆ, ಬಿಸಿಯೂಟದ ಸಾಲು ಎಲ್ಲವನ್ನೂ ಹತ್ತಿರದಿಂದ ನೋಡುವ ಅವಕಾಶ ಅದು. ತರಗತಿಗಳಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ. ಹೀಗಿದ್ದರೂ ‘ಕಾಲೇಜಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕರೆಗಳು ಪ್ರತಿ ಪ್ರವೇಶದ ಹೊತ್ತಿಗೂ ಬರುತ್ತವೆ. ನನಗೆ ಪರಿಚಯದ ಯುವಕನೊಬ್ಬ ಹೀಗೆಯೇ ಸೇರಿ, ಕೆಲಸ ಸಿಕ್ಕ ಮೊದಲ ವಾರ ಎಂಟನೇ ತರಗತಿಯ ಗದ್ದಲಕ್ಕೆ ಹೆದರಿ ಸಿಬ್ಬಂದಿ ಕೊಠಡಿಗೆ ಓಡಿಬಂದಿದ್ದ. ದೂರಶಿಕ್ಷಣದ ಬಿ.ಎಡ್. ಕೂಡ ನಿಮಗೆ ಅನ್ವಯಿಸದು. ಅದು ಈಗಾಗಲೇ ತರಬೇತಿ ಪಡೆದು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವವರಿಗೆ, ಅಥವಾ ಮಾನ್ಯತೆ ಪಡೆದ ಶಿಕ್ಷಕ ತರಬೇತಿಯೊಂದನ್ನು ತರಗತಿಯಲ್ಲಿ ಕೂತು ಮುಗಿಸಿದವರಿಗೆ ಇರುವುದು.

ಬಿ.ಎಡ್. ಪ್ರಮಾಣಪತ್ರ ಕೈಗೆ ಬಂದರೂ ಆರರಿಂದ ಎಂಟನೇ ತರಗತಿಯವರೆಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ, ಪಾಸಾಗಬೇಕು. ನಿಮಗೆ ಈ ತರಗತಿಗಳಿಗೆಂದೇ ಇರುವ ಎರಡನೇ ಪತ್ರಿಕೆ: 150 ಪ್ರಶ್ನೆ, 150 ಅಂಕ. ಮಕ್ಕಳ ವಿಕಸನ ಮತ್ತು ಬೋಧನಾಶಾಸ್ತ್ರ, ಎರಡು ಭಾಷೆಗಳು ತಲಾ 30. ಗಣಿತ ಮತ್ತು ವಿಜ್ಞಾನ ಸೇರಿ 60. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಿಂದೆ ಏಳು ವರ್ಷವಿದ್ದ ಇದರ ಮಾನ್ಯತೆಯನ್ನು 2021ರಲ್ಲಿ ಜೀವಮಾನಕ್ಕೆ ವಿಸ್ತರಿಸಿದರು. ಟಿಇಟಿ ಪಾಸಾದರೆ ಕೆಲಸ ಸಿಕ್ಕಿತೆಂದಲ್ಲ, ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೆಯೇ ಇದೆ. ಟಿಇಟಿ ನಾಳೆ ರದ್ದಾಗಬಹುದು ಎಂದು ಕಾಯುವುದೂ ಬೇಡ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಇದನ್ನು ಪಾಸಾಗಬೇಕು ಎಂದಿದೆ.

ಕೊನೆಗೆ, ನೀವು ಕೇಳದ ಒಂದು ಮಾತು. ಮನೆಯಲ್ಲಿ ಪಿಯುಸಿ ಓದುತ್ತಿರುವ ತಮ್ಮನೋ ತಂಗಿಯೋ ಇದ್ದು, ಅವರಿಗೂ ಶಿಕ್ಷಕ ವೃತ್ತಿಯ ಮೇಲೆ ಮನಸ್ಸಿದ್ದರೆ ನಿಮ್ಮ ದಾರಿಯನ್ನೇ ಹಿಡಿಯಬೇಕಿಲ್ಲ. ಪದವಿ ಮತ್ತು ಬಿ.ಎಡ್. ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಕೋರ್ಸ್‌ಗಳಿವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಕೋರ್ಸನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಒಲವೂ ಆ ಕಡೆಗೇ. ಮೂರು ಮತ್ತು ಎರಡು ಸೇರಿ ಐದಾಗುವ ಕಡೆ ನಾಲ್ಕರಲ್ಲಿ ಮುಗಿಯುತ್ತದೆ, ಒಂದು ವರ್ಷದ ಊಟ, ವಸತಿ, ಶುಲ್ಕ ಉಳಿಯುತ್ತದೆ. ಪ್ರವೇಶ ಪರೀಕ್ಷೆಗೆ ಅರ್ಜಿ ಕರೆಯುವುದು ಪಿಯುಸಿ ಫಲಿತಾಂಶಕ್ಕೂ ಮೊದಲು. ಆದ್ದರಿಂದ ದ್ವಿತೀಯ ಪಿಯುಸಿಯ ನಡುವಿನಲ್ಲಿಯೇ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಲು ಹೇಳಿ.