ಜಾಹೀರಾತು ಕೊಟ್ಟು ಕೂಡಿಸಿದ ಮೇಳ

2025ರ ಜೂನಿನಲ್ಲಿ ಧಾರವಾಡದ ನನ್ನ ತಂಗಿಯ ಮನೆಯಲ್ಲಿ ಹಬ್ಬದ ಸಂಭ್ರಮ. ದಕ್ಷಿಣ ಕೊರಿಯಾದ ಬಿಟಿಎಸ್ ಎಂಬ ಪಾಪ್ ಹಾಡುಗಾರರ ತಂಡದ ಏಳನೆಯ ಹುಡುಗನೂ ಆ ದೇಶದ ಯುವಕರು ಮಾಡಲೇಬೇಕಾದ ಕಡ್ಡಾಯ ಸೇವೆ ಮುಗಿಸಿ ಹೊರಬಿದ್ದಿದ್ದ. 2022ರಿಂದ ಒಬ್ಬೊಬ್ಬರಾಗಿ ಚದುರಿದ್ದವರು ಮತ್ತೆ ಕೂಡುವ ದಾರಿ ತೆರೆದಿತ್ತು. ಪಿಯುಸಿ ಓದುವ ತಂಗಿಯ ಮಗಳಿಗೆ ಅವತ್ತು ಊಟ ಬೇಡ, ನಿದ್ದೆ ಬೇಡ. ಪಕ್ಕದಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದ ಅವಳ ಅಜ್ಜ, "ಯಾರೋ ರೊಕ್ಕ ಇದ್ದಾವ್ರು ಕೂಡಿಸಿದ ಹುಡುಗ್ರವ. ಕೂಡಿದ್ರೇನು, ಬಿಟ್ರೇನು?" ಅಂದುಬಿಟ್ಟರು. ಹುಡುಗಿಯ ಕಣ್ಣಲ್ಲಿ ನೀರು. "ಮಾಮಾ, ಕೂಡಿಸಿದ್ರ ಅದು ಖರೇ ಮೇಳ ಅಲ್ಲೇನು?" ಎಂದು ನನ್ನ ಕಡೆ ತಿರುಗಿದಳು.

ಅಜ್ಜನ ಮಾತಿಗೆ ಆಧಾರ ಇಲ್ಲ ಅಂತಲ್ಲ. ಗುರುವಿನ ಮುಂದೆ ವರ್ಷಗಟ್ಟಲೆ ತಂಬೂರಿ ಹಿಡಿದು ಕೂತವರ ಊರು ಇದು. ಆದರೆ ಅಜ್ಜ ದೇವರಂತೆ ಕಾಣುವ ಮಲ್ಲಿಕಾರ್ಜುನ ಮನ್ಸೂರರೂ ಎಳೆಯ ವಯಸ್ಸಿನಲ್ಲಿ ಹಾಡಿದ್ದು ನಾಟಕ ಮಂಡಳಿಯಲ್ಲಿ. ನಾಟಕ ಕಂಪನಿ ಅಂದರೆ ಮತ್ತೇನು? ಮಾಲಕ ಊರೂರಿಂದ ನಟರನ್ನು ಹುಡುಕಿ, ಮುಂಗಡ ಕೊಟ್ಟು ಕೂಡಿಸಿದ ಮೇಳವೇ. ನನ್ನ ಸೋದರಮಾವ ಅಂಥದೊಂದು ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರ ಆಗಿದ್ದರು. ಯಾವ ಹಾಡು ಇಡಬೇಕು, ಯಾವುದು ಬಿಡಬೇಕು ಅನ್ನುವುದು ಮಾಲಕನ ಕೈಯಲ್ಲಿ. ಮುಂಗಡ ತೀರುವತನಕ ಕಂಪನಿ ಬಿಡುವ ಹಾಗಿಲ್ಲ. ಅವರ ಮಾತು ಕೇಳುತ್ತ ಬೆಳೆದ ನನಗೆ, ದೂರದ ಅಮೆರಿಕದ 'ಮಂಕೀಸ್' ತಂಡದ ಕಥೆ ಓದಿದಾಗ ಅದು ಪರಕೀಯ ಅನ್ನಿಸಲೇ ಇಲ್ಲ.

1965ರ ಸೆಪ್ಟೆಂಬರ್. ಇಂಗ್ಲೆಂಡಿನ ಬೀಟಲ್ಸ್ ಎಂಬ ಹಾಡುಗಾರರ ತಂಡದ ಹುಚ್ಚು ಅಮೆರಿಕವನ್ನು ಹಿಡಿದಿದ್ದ ಕಾಲ. ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್ ಎಂಬ ನಿರ್ಮಾಪಕರು, ಟಿವಿ ಧಾರಾವಾಹಿಗೆ 17ರಿಂದ 21ರೊಳಗಿನ ನಾಲ್ಕು 'ಹುಚ್ಚು ಹುಡುಗರು' ಬೇಕು ಎಂದು ಸಿನಿಮಾ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ನಾನೂರಕ್ಕೂ ಹೆಚ್ಚು ಮಂದಿ ಬಂದರು. ಕೊನೆಗೆ ಆಯ್ಕೆಯಾದವರು ಮೈಕೆಲ್ ನೆಸ್ಮಿತ್, ಪೀಟರ್ ಟಾರ್ಕ್, ಡೇವಿ ಜೋನ್ಸ್, ಮಿಕಿ ಡೋಲೆಂಜ್. ಮೊದಲಿಬ್ಬರು ಸಂಗೀತದವರು, ಮುಂದಿನಿಬ್ಬರು ನಟನೆಯಿಂದ ಬಂದವರು. ಡೋಲೆಂಜ್‌ಗೆ ಡ್ರಮ್ಸ್ ಬಾರಿಸುವ ಪಾತ್ರ ಕೊಟ್ಟಮೇಲೆ ಆತ ಡ್ರಮ್ಸ್ ಕಲಿತ.

1966ರ ಸೆಪ್ಟೆಂಬರಿನಲ್ಲಿ ಧಾರಾವಾಹಿ ಶುರುವಾಯಿತು; ಹಾಡುಗಳು ಬೆಂಕಿಯಂತೆ ಹಬ್ಬಿದವು. ಆದರೆ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿಸುತ್ತಿದ್ದ ವಾದ್ಯ ಬಹುತೇಕ ಇವರದಲ್ಲ. ಸಂಗೀತದ ಉಸ್ತುವಾರಿ ಡಾನ್ ಕಿರ್ಶ್ನರ್ ಎಂಬಾತನದು. ಹಾಡು ಬರೆಯುವವರು ಅವನವರು, ನುಡಿಸುವವರು ಕೂಲಿ ವಾದಕರು, ಈ ನಾಲ್ವರು ಬಂದು ದನಿ ಕೊಟ್ಟು ಹೋಗಬೇಕು. 1967ರ ಜನವರಿಯಲ್ಲಿ ಎರಡನೇ ಆಲ್ಬಂ ಅವರಿಗೇ ಗೊತ್ತಿಲ್ಲದೆ ಅಂಗಡಿಗೆ ಬಂತು.

ಅದೇ ತಿಂಗಳು ಹೋಟೆಲೊಂದರಲ್ಲಿ ಎಲ್ಲರೂ ಸೇರಿದ್ದರು. ಅವತ್ತು ಅವರಿಗೆ ದೊಡ್ಡ ಮೊತ್ತದ ಚೆಕ್ಕು ಕೊಡುವ ದಿನ. ಚೆಕ್ಕು ಇಸಕೊಂಡು ಸುಮ್ಮನಿದ್ದರೆ ಮುಗಿದಿತ್ತು. ನೆಸ್ಮಿತ್, ನಮ್ಮ ಹಾಡು ನಾವೇ ನುಡಿಸಬೇಕು, ಇಲ್ಲದಿದ್ದರೆ ಬಿಟ್ಟು ಹೋಗುತ್ತೇನೆ ಎಂದ. ನಿನ್ನ ಕರಾರುಪತ್ರ ಓದಿ ನೋಡು ಎಂದರು ವಕೀಲರು. ಆತ ಎದ್ದವನೇ ಗೋಡೆಗೆ ಗುದ್ದಿದ, ಗೋಡೆ ತೂತಾಯಿತು. ಅದು ನಿನ್ನ ಮುಖವಾಗಬಹುದಿತ್ತು ಎಂದು ಹೇಳಿ ಹೊರನಡೆದ. ನನ್ನ ಮಟ್ಟಿಗೆ ಮಂಕೀಸ್ ಒಂದು ಮೇಳವಾಗಿ ಹುಟ್ಟಿದ್ದು ಜಾಹೀರಾತು ಬಂದ ದಿನವಲ್ಲ, ಆ ಗೋಡೆ ತೂತಾದ ದಿನ.

ಕೆಲವೇ ವಾರಗಳಲ್ಲಿ ಕಿರ್ಶ್ನರ್ ಕೆಲಸ ಹೋಯಿತು. ಮೇ ತಿಂಗಳಲ್ಲಿ ಬಂದ 'ಹೆಡ್‌ಕ್ವಾರ್ಟರ್ಸ್' ಆಲ್ಬಂನಲ್ಲಿ ಹೆಚ್ಚಿನದನ್ನು ಅವರೇ ನುಡಿಸಿದರು. ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಅದು ಒಂದು ವಾರ ಮೊದಲ ಸ್ಥಾನದಲ್ಲಿತ್ತು. ಮರುವಾರ ಬೀಟಲ್ಸ್ ಆಲ್ಬಂ ಬಂದು ಕೆಳಗಿಳಿಸಿತು. ತಂಗಿಯ ಮಗಳಿಗೆ ಅದನ್ನೇ ಹಚ್ಚಿ ಕೇಳಿಸಿದೆ. ಕಲಿಯುತ್ತಿರುವವರ ಕೈ ಎಂದು ಗೊತ್ತಾಗುತ್ತದೆ, ಆದರೆ ಜೀವವಿದೆ. ಇತ್ತ ಕಿರ್ಶ್ನರ್ 'ಆರ್ಚೀಸ್' ಎಂಬ ಕಾರ್ಟೂನ್ ಮೇಳದ ಹಾಡುಗಳಿಗೆ ಕೈಹಾಕಿದ. 1969ರಲ್ಲಿ ಅದರ ಹಾಡೂ ಮೊದಲ ಸ್ಥಾನಕ್ಕೇರಿತು. ಚಿತ್ರದ ಹುಡುಗರು ಗೋಡೆಗೆ ಗುದ್ದುವುದಿಲ್ಲ.

ಗೆದ್ದ ಮೇಲೆ ಒಡೆದದ್ದೇಕೆ? ಹೊರಗಿನ ಎದುರಾಳಿ ಹೋದಮೇಲೆ ನಾಲ್ವರ ರುಚಿ ನಾಲ್ಕು ದಿಕ್ಕಿಗೆ ಎಳೆಯಿತು. ಒಟ್ಟಿಗೆ ಕೂತು ನುಡಿಸಬೇಕೆಂಬ ಆಸೆ ಟಾರ್ಕ್‌ಗೆ ಇದ್ದಷ್ಟು ಉಳಿದವರಿಗೆ ಇರಲಿಲ್ಲ. 1968ರ ಮಾರ್ಚಿನಲ್ಲಿ ಧಾರಾವಾಹಿ ನಿಂತಿತು, ಅವರ ಸಿನಿಮಾ ಮಕಾಡೆ ಮಲಗಿತು. ವರ್ಷದ ಕೊನೆಗೆ ಟಾರ್ಕ್, ಕರಾರಿನ ಉಳಿದ ವರ್ಷಗಳಿಗೆ ತಾನೇ ದುಡ್ಡು ತೆತ್ತು ಬಿಡಿಸಿಕೊಂಡ. 1970ರಲ್ಲಿ ನೆಸ್ಮಿತ್ ಕೂಡ ಹೋದ. ಮುಂಗಡ ತೀರಿಸಿ ಕಂಪನಿ ಬಿಟ್ಟ ನಟರ ಬಗ್ಗೆ ಮಾವ ಹೇಳುತ್ತಿದ್ದುದು ಇದನ್ನೇ.

ಮತ್ತೆ ಕೂಡಿಸಿದ್ದೂ ಟಿವಿಯೇ. 1986ರ ಫೆಬ್ರುವರಿಯಲ್ಲಿ ಸಂಗೀತದ ಚಾನೆಲ್ ಎಂಟಿವಿ ಹಳೆಯ ಕಂತುಗಳನ್ನು ಒಂದೇ ಸಮನೆ ತೋರಿಸಿತು. ಧಾರಾವಾಹಿ ಮೊದಲು ಬಂದಾಗ ಇನ್ನೂ ಹುಟ್ಟಿರದ ಮಕ್ಕಳು ಅಭಿಮಾನಿಗಳಾದರು. ಮೂವರು ಪ್ರವಾಸ ಹೊರಟರು. ನೆಸ್ಮಿತ್ ಮಾತ್ರ ದೂರ ಉಳಿದ, ಲಾಸ್ ಏಂಜಲೀಸಿನ ಗ್ರೀಕ್ ಥಿಯೇಟರಿನಲ್ಲಿ ಒಂದು ಸಂಜೆ ವೇದಿಕೆ ಏರಿದ್ದು ಬಿಟ್ಟರೆ. ಆತನಿಗೆ ದುಡ್ಡಿನ ಒತ್ತಾಯವೂ ಇರಲಿಲ್ಲ. ನಮ್ಮ ಕಚೇರಿಗಳಲ್ಲಿ ತಪ್ಪು ಅಳಿಸಲು ಹಚ್ಚುತ್ತೇವಲ್ಲ ವೈಟ್ನರ್, ಅಂಥ 'ಲಿಕ್ವಿಡ್ ಪೇಪರ್' ಕಂಡುಹಿಡಿದವಳು ಆತನ ತಾಯಿ ಬೆಟ್ಟಿ. ಬ್ಯಾಂಕಿನಲ್ಲಿ ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಅಡುಗೆಮನೆಯಲ್ಲಿ ಬಣ್ಣ ಕಲಸಿ ಶುರುಮಾಡಿದ್ದನ್ನು 1979ರಲ್ಲಿ ಜಿಲೆಟ್ ಕಂಪನಿ 4.75 ಕೋಟಿ ಡಾಲರಿಗೆ ಕೊಂಡಿತ್ತು. ಹಾಗಿದ್ದೂ ಆತ 1996ರಲ್ಲಿ ಬಂದ. ಆ ಸಲದ ಆಲ್ಬಂನಲ್ಲಿ ಬರೆದವರು, ಹಾಡಿದವರು, ನುಡಿಸಿದವರು ಆ ನಾಲ್ವರೇ. ಹೋಟೆಲಿನಲ್ಲಿ ಕೇಳಿದ್ದು ಪೂರ್ತಿಯಾಗಿ ಸಿಗಲು ಹತ್ತಿರಹತ್ತಿರ ಮೂವತ್ತು ವರ್ಷ ಹಿಡಿಯಿತು.

ಮುಂದೆ ಬಂದ ತಂಡಗಳೂ ಈ ದಾರಿಯನ್ನೇ ತುಳಿದವು. 1994ರಲ್ಲಿ ಪತ್ರಿಕಾ ಜಾಹೀರಾತಿನಿಂದ ಹುಟ್ಟಿದ ಇಂಗ್ಲೆಂಡಿನ ಹಾಡುಗಾರ್ತಿಯರ ತಂಡ ಸ್ಪೈಸ್ ಗರ್ಲ್ಸ್ ಮರುವರ್ಷವೇ ತಮ್ಮನ್ನು ಕೂಡಿಸಿದವರನ್ನು ಬಿಟ್ಟರು, 2000ದ ಹೊತ್ತಿಗೆ ಚದುರಿದರು, 2007ರಲ್ಲಿ ಮತ್ತೆ ಸೇರಿದರು. ನಮ್ಮಲ್ಲೂ 2002ರಲ್ಲಿ 'ಚಾನೆಲ್ ವಿ' ಎಂಬ ಸಂಗೀತದ ಟಿವಿ ವಾಹಿನಿ ಐವರು ಹುಡುಗಿಯರನ್ನು ಆರಿಸಿ 'ವಿವಾ' ಕಟ್ಟಿತ್ತು. ಅದು ಬಹಳ ದಿನ ಬಾಳಲಿಲ್ಲ.

ಡೇವಿ ಜೋನ್ಸ್ 2012ರಲ್ಲಿ, ಪೀಟರ್ ಟಾರ್ಕ್ 2019ರಲ್ಲಿ ತೀರಿಕೊಂಡರು. ಉಳಿದಿಬ್ಬರು ಕೊನೆಯ ಪ್ರವಾಸ ಮಾಡಿ, 2021ರ ನವೆಂಬರ್ 14ರಂದು ಅದೇ ಗ್ರೀಕ್ ಥಿಯೇಟರಿನಲ್ಲಿ ಹಾಡು ಮುಗಿಸಿದರು. ಒಂದು ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 10ರಂದು ನೆಸ್ಮಿತ್ ಹೋದ. 78 ವರ್ಷ. ಇಷ್ಟನ್ನು ಹೇಳಿ ಮುಗಿಸುವಾಗ ಅಜ್ಜ ರೇಡಿಯೋ ದನಿ ಸಣ್ಣ ಮಾಡಿದ್ದರು. "ಆ ಡ್ರಮ್ಸ್ ಕಲ್ತ ಹುಡುಗ?" ಎಂದು ಕೇಳಿದರು.

"ಅದಾನ್ರಿ ಅಜ್ಜಾರ. ಒಬ್ಬನೇ ಉಳದಾನ" ಅಂದೆ.