ಮದ್ದಲೆಯನ್ನು ಎರಡಾಗಿ ಸೀಳಿದ ಪೆಟ್ಟಿಗೆ

ಹಾಡು ನಡೆಯುತ್ತಿರುವಾಗಲೇ ಅದನ್ನು ಗಾಯನ, ಡ್ರಮ್ಸ್, ಬೇಸ್ ಮತ್ತು ಉಳಿದ ವಾದ್ಯಗಳೆಂದು ನಾಲ್ಕು ಪಾಲು ಮಾಡಿಕೊಡುವ ಪೆಟ್ಟಿಗೆಯೊಂದನ್ನು ಶಿರಸಿಯ ಧ್ವನಿವರ್ಧಕದ ಅಂಗಡಿಯಲ್ಲಿ ಕಂಡೆ. ಮುದ್ರಿಕೆಯೊಳಗೆ ವಾದ್ಯಗಳು ಬೇರೆ ಬೇರೆ ಎಳೆಗಳಾಗಿಯೇ ಅಡಗಿರುತ್ತವೆ, ಯಂತ್ರವು ಅವನ್ನು ಬಿಡಿಸುತ್ತದೆ ಎಂಬುದು ಅಲ್ಲಿ ನೆರೆದಿದ್ದವರ ನಂಬಿಕೆಯಾಗಿತ್ತು. ಅಂತಹ ಎಳೆಗಳು ಅದರಲ್ಲಿಲ್ಲ. ಸಿ.ಡಿ.ಯ ಒಂದೊಂದು ಚಾನೆಲ್‌ನಲ್ಲಿ ಇರುವುದು ಸೆಕೆಂಡಿಗೆ 44,100 ಅಂಕಿಗಳು ಮಾತ್ರ. ಪ್ರತಿ ಅಂಕಿಯೂ ಎಲ್ಲ ವಾದ್ಯಗಳ ಮೊತ್ತ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಬೊಗಸೆ ನೀರೆತ್ತಿದರೆ ಹೊಳೆಯ ಹನಿ ಯಾವುದೆಂದು ತೋರಿಸಲಾಗದಷ್ಟು ಅವು ಬೆರೆತಿರುತ್ತವೆ. ಯಂತ್ರ ಮಾಡುವುದು ಅಂದಾಜು, ಆದರೆ ಬಹಳ ಚೆಲುವಾದ ಅಂದಾಜು.

ಉಷ್ಣದ ಹರಿವನ್ನು ಲೆಕ್ಕಹಾಕಲು ಹೊರಟ ಫ್ರಾನ್ಸಿನ ಫೂರಿಯೇ ಎರಡು ಶತಮಾನಗಳ ಹಿಂದೆ ಕೊಟ್ಟ ಗಣಿತವೇ ಇದಕ್ಕೆ ಬುನಾದಿ. ಅದನ್ನು ಬಳಸಿ ಧ್ವನಿಯನ್ನು ಚೌಕುಳಿ ಬಟ್ಟೆಯಂತೆ ಹರಡಬಹುದು: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ಹಾರ್ಮೋನಿಯಂ ಶ್ರುತಿ ಅದರಲ್ಲಿ ಉದ್ದಕ್ಕೆ ಹಾಸಾಗಿಯೂ ಚಂಡೆಯ ಪೆಟ್ಟು ನೆಟ್ಟಗೆ ನಿಂತ ಹೊಕ್ಕಾಗಿಯೂ ಕಾಣುತ್ತವೆ. 2010ರಲ್ಲಿ ಸಂಶೋಧಕ ಡೆರ್ರಿ ಫಿಟ್ಜ್‌ಜೆರಾಲ್ಡ್ ಇವೆರಡನ್ನೂ ಬೇರ್ಪಡಿಸಲು ತೋರಿಸಿದ ಉಪಾಯ ನನಗೆ ಇಂದಿಗೂ ಬೆರಗು ತರುತ್ತದೆ. ಪ್ರತಿ ಚೌಕದ ಎಡಬಲದ ಚೌಕಗಳ ಬಲವನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು, ಅಂದರೆ ಮಧ್ಯಾಂಕವನ್ನು, ಉಳಿಸಿಕೊಳ್ಳಬೇಕು, ಅಷ್ಟೆ. ಕುಳ್ಳರ ಸಾಲಿನಲ್ಲಿ ನಿಂತ ಒಬ್ಬ ಎತ್ತರದವನಂತಿರುವ ಪೆಟ್ಟು ಅಳಿಸಿಹೋಗುತ್ತದೆ. ಅಕ್ಕಪಕ್ಕದವರೆಲ್ಲ ತನ್ನಷ್ಟೇ ಎತ್ತರವಿರುವ ಶ್ರುತಿ ಉಳಿಯುತ್ತದೆ. ಇದನ್ನೇ ಮೇಲೆಕೆಳಗೆ ಮಾಡಿದರೆ ಪೆಟ್ಟು ಉಳಿದು ಶ್ರುತಿ ಅಳಿಯುತ್ತದೆ. ಈಗಿನ ಯಂತ್ರಗಳಲ್ಲಿ ತೀರ್ಪು ಕೊಡುವುದು, ಬಿಡಿಬಿಡಿಯಾಗಿ ಮುದ್ರಿಸಿದ ಹಾಡುಗಳನ್ನು ಕೇಳಿಸಿ ತರಬೇತುಗೊಳಿಸಿದ ನರಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಿದ ಸ್ಪ್ಲೀಟರ್ ಎಂಬ ತಂತ್ರಾಂಶ ಕೂಡ ಯಾವ ಚೌಕದಲ್ಲಿ ಯಾರ ಪಾಲು ಎಷ್ಟು ಎಂಬುದನ್ನೇ ಊಹಿಸುತ್ತದೆ.

ತಕ್ಷಣವೇ ಬೇರ್ಪಡಿಸಬೇಕೆಂದಾಗ ಕಷ್ಟ ಎದುರಾಗುತ್ತದೆ, ಏಕೆಂದರೆ ಧ್ವನಿ ಉಳಿಯುವುದೋ ಅಳಿಯುವುದೋ ಎಂದು ತಿಳಿಯಲು ಸ್ವಲ್ಪ ಕಾಯಲೇಬೇಕು. ಆವರ್ತನಗಳನ್ನು ಗುರುತಿಸಲು ಒಂದು ಸಲಕ್ಕೆ, ಉದಾಹರಣೆಗೆ, 2,048 ಅಂಕಿಗಳನ್ನು ಕಲೆಹಾಕಲು ಸುಮಾರು 46 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಹದಿನೈದು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಯಕ್ಷಗಾನದಲ್ಲಿ ಭಾಗವತರಿಂದ ಅಷ್ಟು ದೂರ ಕುಳಿತು ಅವರ ಪದಕ್ಕೆ ಮದ್ದಲೆ ನುಡಿಸುವುದನ್ನು ಊಹಿಸಿಕೊಳ್ಳಿ. ಕಾಯುವ ಅವಧಿಯನ್ನು ಕಡಿತಗೊಳಿಸಿದರೆ ಹತ್ತಿರದ ಎರಡು ಸ್ವರಗಳು ಒಂದೇ ಚೌಕದಲ್ಲಿ ಬಿದ್ದು ಬೆರೆಯುತ್ತವೆ.

ಅಂಗಡಿಯವರು ನನ್ನ ಕೋರಿಕೆಯಂತೆ ಬಡಗುತಿಟ್ಟಿನ ಯಕ್ಷಗಾನ ಹಿಮ್ಮೇಳದ ಹಳೆಯ ಮುದ್ರಿಕೆಯೊಂದನ್ನು ಹಾಕಿದರು. ಚಂಡೆ ಸಲೀಸಾಗಿ ಡ್ರಮ್ಸ್ ಪಾಲಿಗೆ ಹೋಯಿತು. ಮದ್ದಲೆ ಮಾತ್ರ ಎರಡು ಹೋಳಾಯಿತು: ಬೆರಳು ಚರ್ಮಕ್ಕೆ ತಾಗಿದ ಸದ್ದು ಡ್ರಮ್ಸ್‌ನಲ್ಲಿ ಒಣಗಿ ಟಕ್ಕೆಂದರೆ, ಅದರ ಬೆನ್ನಿಗೇ ಬರುವ ನಾದ ಉಳಿದ ವಾದ್ಯಗಳ ಪಾಲಿನಲ್ಲಿ, ಹಾರ್ಮೋನಿಯಂ ಪಕ್ಕದಲ್ಲಿ, ತಲೆಯಿಲ್ಲದ ಗುಂಯ್ಗುಡುವಿಕೆಯಾಗಿ ಕೇಳಿಸಿತು. ಇದಕ್ಕೆ ಕಾರಣವನ್ನು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದಾರೆ. ಚರ್ಮದ ನಡುವೆ ಮೆತ್ತಿದ ಕಪ್ಪು ಲೇಪದ ಭಾರದಿಂದಾಗಿ ಮೃದಂಗ, ತಬಲಗಳ ಉಪಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ಮೊಳಗುವ ಮೇಲಿನ ಸ್ವರಗಳು, ತಂತಿಯ ಉಪಸ್ವರಗಳಂತೆ ಒಂದಕ್ಕೊಂದು ಹೊಂದಿ ಸುಸಂವಾದಿಯಾಗುತ್ತವೆ ಎಂದು ಅವರು ತೋರಿಸಿದರು. ಅದೇ ಕುಲದ ಮದ್ದಲೆ ಹೊಕ್ಕಾಗಿ ಹುಟ್ಟಿ ಹಾಸಾಗಿ ಮುಗಿಯುತ್ತದೆ. ಡ್ರಮ್ಸ್ ಮತ್ತು ಗಿಟಾರ್‌ಗಳನ್ನೇ ಕೇಳಿ ಬೆಳೆದ ನರಜಾಲಕ್ಕೆ ಅದು ಒಂದೇ ವಾದ್ಯವೆಂಬುದು ಹೊಳೆಯಲಿಲ್ಲ.

ಮದ್ದಲೆಗೆ ಐದನೆಯ ಪಾಲು ಬೇಕಿದ್ದರೆ, ನರಜಾಲಕ್ಕೆ ಕಲಿಸಲು ಒಬ್ಬೊಬ್ಬರ ವಾದನವೂ ಬೇರೆ ಬೇರೆಯಾಗಿ ಮುದ್ರಣಗೊಂಡಿರಬೇಕು. ಭಾಗವತರ ಮುಖ ನೋಡದೆ ಮದ್ದಲೆಗಾರರು ನುಡಿಸುವುದು ಕಷ್ಟ. ಹಾಗಾಗಿ ಒಬ್ಬರಿಗೊಬ್ಬರು ಕಾಣುವಂತೆ ನಡುವೆ ಗಾಜಿನ ಗೋಡೆ ಇರುವ ಎರಡು ಕೋಣೆಗಳಲ್ಲಿ ಅವರನ್ನು ಕೂರಿಸಬೇಕಾದೀತು.